ಐದು ದಿನದ ಗುಳಿಗೆ

ಕಿಟಕಿಗೆ ಹಿಡಿದ ಎಕ್ಸ್‌ರೇಯ ಕಪ್ಪು ಹಾಳೆಯಲ್ಲಿ ತೊಡೆಯ ಮೂಳೆ ಬೂದಿಯ ಬಣ್ಣಕ್ಕಿದೆ, ಬೆಳಕು ತಡೆಯಿಲ್ಲದೆ ಅದನ್ನು ದಾಟಿ ಬರುತ್ತದೆ, ಮೇಲ್ತುದಿಯಲ್ಲಿ ಒಂದು ಓರೆಗೆರೆ — ಅಲ್ಲಿ ಮುರಿದಿದೆ, ನನ್ನ ಹೆಂಡತಿ ಈಶಮ್ಮ ಅಲ್ಲಿ ಮುರಿದಿದ್ದಾಳೆ. ನಿನ್ನೆ ಮೊರದಲ್ಲಿ ತೊಗರಿ ಹಸನು ಮಾಡಿ ಎದ್ದವಳು ಒಂದು ಹೆಜ್ಜೆ ಇಟ್ಟಳು, ಎಡವಲಿಲ್ಲ, ಜಾರಲಿಲ್ಲ, ಕುಸಿದಳು. ಬಿದ್ದು ಮುರಿದದ್ದಲ್ಲರಿ ಮಾಸ್ತರ್ರೇ, ಮುರಿದು ಬಿದ್ದಾರ ಎಂದರು ಡಾಕ್ಟರ್ ಪ್ರೇಮಲಾ, ಮೂಳೆ ಒಳಗೆ ಟೊಳ್ಳಾಗಿದೆಯಂತೆ. ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವನು ನಾನು, ಯಾವುದು ಮೊದಲು ಯಾವುದು ಆಮೇಲೆ ಎಂದು ತಿಳಿಯಲಿಲ್ಲ. ತಾಂಡೂರಿನ ಈ ಆಸ್ಪತ್ರೆಯ ನೆಲಕ್ಕೂ ನಮ್ಮೂರ ಗಣಿಯ ಕಲ್ಲೇ, ಪಾದಕ್ಕೆ ಶೀತ ಏರುತ್ತದೆ, ಅರ್ಧ ಗಂಟೆಯಲ್ಲಿ ಆಪರೇಷನ್, ಅವಳು ಆ ಕೋಣೆಯ ಬಾಗಿಲ ಬಳಿ ಗಾಲಿಮಂಚದ ಮೇಲೆ. ಸಂಕ್ರಾಂತಿಯ ಹೊತ್ತಿಗೆ ಮಗಳು ಯಶೋಧಾ ಜಹೀರಾಬಾದಿನ ಶಿಬಿರದಲ್ಲಿ ತಾಯಿಯ ಹಿಮ್ಮಡಿಯನ್ನು ಮೂಳೆಯ ಗಟ್ಟಿತನ ಅಳೆಯುವ ಯಂತ್ರದಲ್ಲಿಡಿಸಿ ಚೀಟಿ ತಂದಿದ್ದಳು, ಋಣ ಮೂರು ದಶಮಾಂಶ ನಾಲ್ಕು, ಮೂವತ್ತರ ಹೆಣ್ಣಿನ ಮೂಳೆಯನ್ನು ಶೂನ್ಯವೆಂದು ಹಿಡಿದ ಅಳತೆ, ದೊಡ್ಡ ಡಾಕ್ಟರಿಗಿ ತೋರಸ್ರಿ ಅಂದಾರಪ್ಪ ಎಂದಳು — ಅರವತ್ತೆಂಟರ ಮುದುಕಿಯನ್ನು ಮೂವತ್ತರವಳೊಡನೆ ಹೋಲಿಸುವುದು ವಿಜಾತಿ ರಾಶಿಗಳ ಹೋಲಿಕೆ ಎಂದು ಚೀಟಿಯನ್ನು ಮಡಚಿಟ್ಟೆ. ಈಶಮ್ಮ ಎರಡು ಅಂಗುಲ ಗಿಡ್ಡಾಗಿದ್ದಳು, ಅದನ್ನೂ ಅಳೆದಿದ್ದೆ, ಬೆನ್ನು ಬಾಗಿಸಬೇಡ ಎಂದು ಗದರಿದ್ದೆ.

ಈಗ ಕಾಲು ಗಂಟೆಯ ಹಿಂದೆ ಡಾಕ್ಟರ್ ಕೇಳಿದರು, ಭಾಳ ವರ್ಷದಿಂದ ಯಾವುದರೆ ಗುಳಿಗಿ ನುಂಗತಾರೇನ್ರಿ, ನೋವಿಂದು, ಸ್ಟೀರಾಯ್ಡ್, ಮುಚ್ಚಿಡಬ್ಯಾಡ್ರಿ, ಅದರಿಂದ ಮೂಳೆ ಸವೀತಾವ, ಮೈಯಾಗ ಹುಟ್ಟೋ ರಸಾನೂ ನಿಂತಿರತದ, ನಾವು ಸೂಜಿ ಹಾಕಿ ಅದನ್ನ ತುಂಬಿ ಕೊಡಲಿಲ್ಲಂದ್ರ ಟೇಬಲ್ ಮ್ಯಾಲ ಬಿ.ಪಿ. ಬೀಳತದ, ಜೀವಕ್ಕ ಕುತ್ತು. ಇಲ್ಲ ಎಂದೆ. ಮಾಸ್ತರನ ಬಾಯಿ, ಒಂದೇ ಶಬ್ದ. ಈಶಮ್ಮ ನನ್ನ ಮುಖ ನೋಡಿದಳು, ಆಮೇಲೆ ಡಾಕ್ಟರ ಕಡೆ ತಿರುಗಿ, ಏನೂ ಇಲ್ರಿ ಡಾಕ್ಟರ್‌ಬಾಯಿ, ಅವರಿಗಿ ಎಲ್ಲಾ ಗೊತ್ತಿರತದ, ಎಂದಳು — ನನ್ನ ಮಾನ ಉಳಿಸಿದಳು. ನನ್ನ ಜೇಬಿನಲ್ಲಿ ಹಳೆಯ ಕಂಪಾಸ್ ಡಬ್ಬಿ, ಅದರಲ್ಲಿ ಸಣ್ಣ ಬಿಳಿ ಗುಳಿಗೆಗಳು. ಊರಲ್ಲಿ ಸೂಜಿ ಚುಚ್ಚುವ ನರಸಿಂಹುಲು ಮೊಣಕಾಲಿನ ನೋವಿಗೆ ಕೊಟ್ಟದ್ದು, ಐದ ದಿನ ಸಾಕ್ರಿ ಎಂದಿದ್ದ; ಮೂರನೆಯ ದಿನ ಅವಳು ಬಾವಿಯಿಂದ ತುಂಬಿದ ಕೊಡ ಹೊತ್ತು ತಂದಳು, ಆರನೆಯ ದಿನ ನೋವು ಮರಳಿತು. ಸರಿಯುತ್ತರ ಕೊಟ್ಟ ವಿಧಾನವನ್ನು ಬಿಡಬಾರದು — ಖಾಲಿಯಾದ ಗುಳಿಗೆಪಟ್ಟಿ ತೋರಿಸಿ ಔಷಧಿ ಅಂಗಡಿಯಲ್ಲಿ ಅದನ್ನೇ ತಂದೆ, ದಿನಕ್ಕೊಂದು, ಒಂಬತ್ತು ವರ್ಷ, ಮೂರು ಸಾವಿರದ ಇನ್ನೂರ ಎಂಬತ್ತೈದು, ಅಧಿಕ ವರ್ಷದ ದಿನಗಳನ್ನು ಬಿಟ್ಟು. ಮಾರಿ ಉಬ್ಬ್ಯಾದ, ಮುಟ್ಟಿದ್ರ ಚರ್ಮ ನೀಲಿ ಆಗತದ, ಇನ್ನ ಸಾಕ್ರಿ ಎನ್ನುತ್ತಿದ್ದಳು, ನಕ್ಕು, ಪಾಠ ತಪ್ಪಿದ್ರ ಹುಡುಗರಿಗಿ ಹೊಡೀತಿದ್ರಿ, ಗುಳಿಗಿ ತಪ್ಪಿದ್ರ ನನಗ ಹೊಡೀತಿರೇನ್? ತಪ್ಪಿಸಲಿಲ್ಲ, ನಾನು ತಪ್ಪಿಸಗೊಡಲಿಲ್ಲ, ದಿನಾ ಬೆಳಿಗ್ಗೆ ಡಬ್ಬಿ ತೆರೆದು ನಾನೇ ಅವಳ ನಾಲಗೆಯ ಮೇಲೆ ಇಡುತ್ತಿದ್ದೆ.

ಎದ್ದಿದ್ದೇನೆ. ಡಾಕ್ಟರ ಮೇಜಿನ ಮೇಲೆ ಡಬ್ಬಿ ತೆರೆದಿಟ್ಟಿದ್ದೇನೆ, ನಾ ಸುಳ್ಳ ಹೇಳಿದೆ ತಾಯಿ ಎಂದಿದ್ದೇನೆ. ಒಂದು ಗುಳಿಗೆಯನ್ನು ಬೆಳಕಿಗೆ ಹಿಡಿದು ಅವರು ಕೇಳುತ್ತಾರೆ, ಎಷ್ಟ ವರ್ಷ. ಒಂಬತ್ತು, ಒಂದ ದಿನಾನೂ ತಪ್ಪಿಲ್ಲ — ಆ ದನಿಯಲ್ಲಿ ಹೆಮ್ಮೆಯಿತ್ತು, ನಾನೇ ಕೇಳಿಸಿಕೊಂಡೆ. ಅವರು ಬೈಯಲಿಲ್ಲ, ನರ್ಸನ್ನು ಕರೆದು ಬೇರೆ ಸೂಜಿ ಬರೆದರು, ಈಗರೆ ಹೇಳಿದ್ರಿ, ಆದ್ರ ಬದಕತಾರಂತ ಮಾತು ಕೊಡಾಕ ಆಗಲ್ಲರಿ ಎಂದರು. ಡಬ್ಬಿ ಹಿಡಿದು ಹೊರಗೆ ಬಂದೆ, ಗಾಲಿಮಂಚ ಬಾಗಿಲಿನತ್ತ ಉರುಳುತ್ತಿದೆ, ಅವಳಿಗೆ ಹೇಳಬೇಕು, ಹೇಳಿಬಿಟ್ಟೆನೆಂದು ಹೇಳಬೇಕು, ಬಗ್ಗಿದೆ — ಅವಳು ನನ್ನ ಕೈಯಲ್ಲಿ ಡಬ್ಬಿ ಕಂಡಳು, ಕಣ್ಣು ಮುಚ್ಚಿದಳು, ಬಾಯಿ ತೆರೆದಳು, ಕೇಳಲಿಲ್ಲ, ಬೇಡವೆನ್ನಲಿಲ್ಲ, ನಾಲಗೆ ಚಾಚಿ ಬಾಯಿ ತೆರೆದಳು, ಬಾಗಿಲು ಮುಚ್ಚಿತು, ಆ ಬಾಯಿ ತೆರೆದೇ ಇದೆ, ತೆರೆದೇ