ಅನಾಥ ತಂಡ

"ಹನ್ನೆರಡು ಜನದಲ್ಲಿ ನೀವು ಯಾರು?" ಎಂದು ಮಾರ್ಲಿಸ್ ಓರಿನ್‌ನನ್ನು ಕೇಳಿದಳು.

ನಿಮ್ಮ ಗಂಡನ ಜೊತೆ ಹತ್ತೊಂಬತ್ತು ವರ್ಷ ಮಾತಾಡಿದವನು ನಾನು ಎನ್ನಬಹುದಿತ್ತು. ಅದು ಪೂರ್ತಿ ನಿಜವಲ್ಲ. ಮಾತಾಡಿದ್ದು ಕಡಿಮೆ, ಬರೆದದ್ದು ಹೆಚ್ಚು. ಬರೆದದ್ದರಲ್ಲೂ ಮುಕ್ಕಾಲು ಪಾಲು ಓರಿನ್‌ನದೇ.

"ಓರಿನ್ ಟೆಡ್ರೋ," ಎಂದ. "ಲೀಗ್ ನೋಡ್ಕೊಳ್ಳೋನು."

"ಓ." ಆಕೆ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಓರಿನ್ ನೀವೇನಾ."

ಆಕೆ ತನ್ನ ಹಳದಿ ಶಾಲಾ ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದಳು. ಇಪ್ಪತ್ತಾರು ವರ್ಷದಿಂದ ಈ ಬಸ್ಸು ಓಡಿಸುತ್ತಿದ್ದಾಳೆಂದು ಆಕೆಯ ಗಂಡ ಗೆರಿಟ್ ಯಾವಾಗಲೋ ಬರೆದಿದ್ದ. ಮೇ ತಿಂಗಳಲ್ಲಿ ಒಂದು ಬುಧವಾರ ಈ ಊರಿನ ಬೇಸ್‌ಬಾಲ್ ತಂಡ ಬೆಳಿಗ್ಗೆ ಹನ್ನೊಂದಕ್ಕೇ ಆಡುತ್ತದೆ, ಶಾಲೆಯ ಮಕ್ಕಳಿಗೋಸ್ಕರ. ಹೇಗೂ ಬಸ್ ತಗೊಂಡು ಬರ್ತೀನಿ, ಅಲ್ಲೇ ಬನ್ನಿ, ಎಂದು ಮಾರ್ಲಿಸ್ ಫೋನಿನಲ್ಲಿ ಹೇಳಿದ್ದಳು, ಹೆಸರು ಕೇಳದೆಯೇ. ಮನೆಗೆ ಕರೆಯಲಿಲ್ಲವಲ್ಲ ಎಂದು ಓರಿನ್‌ಗೆ ನೆಮ್ಮದಿಯಾಗಿತ್ತು. ಆಮೇಲೆ ಅದೇ ಕಾರಣಕ್ಕೆ ಬೇಸರವೂ ಆಗಿತ್ತು.

ದಾರಿಯುದ್ದಕ್ಕೂ ಒಂದು ಸಂತಾಪದ ವಾಕ್ಯವನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದ. ಬಸ್ಸಿನೊಳಗೆ ಐವತ್ತು ಮಕ್ಕಳು ಒಂದೇ ಸಮ ಕಿರುಚುತ್ತಿದ್ದವು.

"ತುಂಬಾ ಬೇಜಾರಾಯ್ತು," ಎಂದಷ್ಟೇ ಹೇಳಿದ.

"ಹ್ಞೂಂ. ನೀವು ಮಣ್ಣಿಗೆ ಬಂದಿರ್ಲಿಲ್ಲ, ಅಲ್ವಾ?"

"ಗೊತ್ತಾಗ್ಲಿಲ್ಲ. ಗೊತ್ತಾಗೋ ಹೊತ್ತಿಗೆ ಹದಿನೇಳು ದಿನ ಆಗಿತ್ತು."

"ನಲವತ್ತು ನಿಮಿಷದ ದಾರಿ." ಆಕೆ ದೂರಲಿಲ್ಲ, ದೂರ ಎಷ್ಟೆಂದು ಹೇಳಿದಳು, ಅಷ್ಟೆ. "ಅವನ ಫೋನು ನನ್ನ ಹತ್ರಾನೇ ಇತ್ತು. ಒಂದೇ ಸಮ ಗುಂಯ್ ಅಂತಿತ್ತು. ತಲೆ ಕೆಟ್ಟು ಅಡುಗೆಮನೆ ಡ್ರಾಯರಿಗೆ ಹಾಕ್ಬಿಟ್ಟೆ."

ಗುಂಯ್ ಎಂದದ್ದು ತಾನೇ ಎಂದು ಓರಿನ್ ಹೇಳಲಿಲ್ಲ.

ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಹಸಿರು ರಟ್ಟಿನ ನೋಟ್‌ಬುಕ್ಕನ್ನು ಆಕೆ ಅವನ ಕೈಗಿಟ್ಟಳು. "ನೀವು ಕೇಳಿದ ಪಾಸ್‌ವರ್ಡು ಮೊದಲನೇ ಹಾಳೇಲಿದೆ. ಮಿಕ್ಕಿದ್ದೆಲ್ಲ ಅವನ ಹುಚ್ಚು."

ಲೀಗಿನ ಆಟ ಇಷ್ಟು: ಹನ್ನೆರಡು ಜನ ಸೇರಿ ಕಾಗದದ ಮೇಲೆ ಹನ್ನೆರಡು ತಂಡ ಕಟ್ಟಿಕೊಳ್ಳುವುದು. ಆಟಗಾರರು ನಿಜವಾದವರು; ಅವರು ಎಲ್ಲೋ ಮೈದಾನದಲ್ಲಿ ಹೊಡೆದದ್ದು, ಎಸೆದದ್ದು ಇಲ್ಲಿ ಇವರ ಅಂಕ. ಬೇರೆಯವರು ವರ್ಷಕ್ಕೊಮ್ಮೆ ಎಲ್ಲ ಒರೆಸಿ ಹೊಸದಾಗಿ ಆರಿಸಿಕೊಳ್ಳುತ್ತಾರೆ. ಇವರದ್ದು ವಂಶಪಾರಂಪರ್ಯದ ಲೀಗು. ಒಮ್ಮೆ ನಿಮ್ಮವನಾದವನು ನೀವು ಕೈಬಿಡುವವರೆಗೂ ನಿಮ್ಮವನೇ. ಅದಕ್ಕಾಗಿಯೇ ಚಿಕ್ಕ ಲೀಗುಗಳಲ್ಲಿ ಆಡುವ ಹದಿನೆಂಟು, ಹತ್ತೊಂಬತ್ತರ ಹುಡುಗರನ್ನು ಅಳೆದು ತೂಗಿ ಆರಿಸಿ, ದೊಡ್ಡ ಲೀಗಿಗೆ ಹೋದಾರೆಂದು ವರ್ಷಗಟ್ಟಲೆ ಕಾಯುವುದು. ನೂರಕ್ಕೆ ತೊಂಬತ್ತು ಜನ ಹೋಗುವುದಿಲ್ಲ. ಎರಡು ವರ್ಷದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಓರಿನ್‌ಗೆ ಈ ಲೆಕ್ಕ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕಾಯುತ್ತಿದ್ದ.

ಯಜಮಾನನಿಲ್ಲದ ತಂಡಕ್ಕೆ ಈ ಆಟದಲ್ಲಿ ಅನಾಥ ತಂಡ ಎನ್ನುತ್ತಾರೆ. ಗೆರಿಟ್‌ನ ತಂಡವನ್ನು ಯಾರೂ ದತ್ತು ತೆಗೆದುಕೊಳ್ಳಲಿಲ್ಲ. ಹಂಚಿಬಿಡಿ ಎಂದರು ಉಳಿದ ಹತ್ತು ಜನ. ಇವತ್ತು ಸಂಜೆ ಐದಕ್ಕೆ ಓರಿನ್ ಲೀಗಿನ ವೆಬ್‌ಸೈಟಿನಲ್ಲಿ ಒಂದು ಗುಂಡಿ ಒತ್ತಬೇಕು. ಒತ್ತಿದರೆ ಆಟಗಾರರು ಹನ್ನೊಂದು ಜನಕ್ಕೆ ಹಂಚಿಹೋಗುತ್ತಾರೆ, ಗೆರಿಟ್‌ನ ಖಾತೆ ಅಳಿಸಿಹೋಗುತ್ತದೆ. ಖಾತೆಯ ಜೊತೆಗೆ ಹತ್ತೊಂಬತ್ತು ವರ್ಷದ ಪತ್ರಗಳೂ.

ಆ ಪತ್ರಗಳು ಏನಾಗಿದ್ದವು ಎಂಬುದು ಮಾತ್ರ ಓರಿನ್‌ಗೆ ಗೊತ್ತಾಗಬೇಕಿತ್ತು. ಸ್ನೇಹವೋ, ಬರೀ ಚೌಕಾಸಿಯೋ. ಗೆರಿಟ್‌ನ ನೋಟ್‌ಬುಕ್ಕಿನಲ್ಲಿದ್ದ ಪಾಸ್‌ವರ್ಡನ್ನು ಮಾರ್ಲಿಸ್ ಫೋನಿನಲ್ಲೇ ಓದಿ ಹೇಳುತ್ತಿದ್ದಳು. ಅವನು ಬಂದದ್ದು ನೋಟ್‌ಬುಕ್ಕಿಗೆ.

ಮೈದಾನದ ಬಾಗಿಲಲ್ಲಿ ಟಿಕೆಟ್ ನೋಡುವ ಮುದುಕ ಅವನ ಕೈಯಲ್ಲಿದ್ದ ಚೆಂಡಿನ ವೇಗ ಅಳೆಯುವ ರೇಡಾರ್ ಗನ್ ಕಂಡು ಟೋಪಿ ಮುಟ್ಟಿಕೊಂಡ.

"ಯಾವ ಕ್ಲಬ್ಬಿಂದ ಬಂದಿದ್ದೀರಿ ಸಾರ್?"

"ಸುಮ್ನೆ ನೋಡ್ಕೊಂಡು ಹೋಗೋಣ ಅಂತ."

"ಗೊತ್ತಾಯ್ತು ಬಿಡಿ. ಹೇಳೋ ಹಾಗಿಲ್ಲ, ಅಲ್ವಾ?" ಮುದುಕ ಕಣ್ಣು ಹೊಡೆದು ಒಳ್ಳೆಯ ಸೀಟು ತೋರಿಸಿದ.

ಓರಿನ್ ಅಲ್ಲಗಳೆಯಲಿಲ್ಲ. ಹೊಸ ಆಟಗಾರರನ್ನು ಹುಡುಕಲು ಕ್ಲಬ್ಬುಗಳು ಕಳಿಸುವವರ ಹಾಗೆ ಅವನೂ ಆಟಗಾರರಿಗೆ ಇಪ್ಪತ್ತರಿಂದ ಎಂಬತ್ತರವರೆಗೆ ಅಂಕ ಕೊಡುತ್ತಿದ್ದ. ಐವತ್ತೆಂದರೆ ಸಾಧಾರಣ, ಎಂಬತ್ತೆಂದರೆ ತಲೆಮಾರಿಗೊಬ್ಬ. ಬರಬರುತ್ತಾ ಅದು ಚಟವಾಗಿತ್ತು. ಕಾಲೇಜಿನ ಕಾಫಿ ಮೂವತ್ತೈದು. ಅವನನ್ನು ಬಿಟ್ಟು ಅರಿಜೋನಕ್ಕೆ ಹೊರಟು ನಿಂತ ಹೆಂಡತಿ ಬಾಗಿಲಲ್ಲಿ ಹೇಳಿದ ಮಾತು ಅರವತ್ತು. ಚಿಕ್ಕದಾಗಿತ್ತು, ತೊದಲಲಿಲ್ಲ.

ಮೈದಾನದ ಅಂಚಿನಲ್ಲಿ, ಕರೆ ಬರುವವರೆಗೆ ಎಸೆತಗಾರರು ಕಾಯುವ ಬೇಲಿಯೊಳಗೆ, ಎಲಿಯೆಸರ್ ಬ್ರಿಟೊ ಮಡಚುವ ಕುರ್ಚಿಯಲ್ಲಿ ಕೂತಿದ್ದ. ಡೊಮಿನಿಕನ್ ಗಣರಾಜ್ಯದವನು, ಇಪ್ಪತ್ತಮೂರು ವರ್ಷ. ಒಂದು ಕಾಲದಲ್ಲಿ ಆಟದ ಮೊದಲ ಚೆಂಡಿನಿಂದಲೇ ಎಸೆಯುತ್ತಿದ್ದವನು, ಈಗ ಯಾರಾದರೂ ಕೈಸೋತರೆ ಮಾತ್ರ ಇಳಿಯುವವನು. ಗೆರಿಟ್‌ನ ಅನಾಥರಲ್ಲಿ ಒಬ್ಬ. ಅವನನ್ನು ಕೊಡು ಎಂದು ಓರಿನ್ ನಾಲ್ಕು ವರ್ಷ ಬೆನ್ನು ಹತ್ತಿದ್ದ. ಪ್ರತಿ ಸಲವೂ ಗೆರಿಟ್‌ನ ಉತ್ತರ ಒಂದೇ: ನೋಡೋಣ.

ಆ ಒಂದು ಪದದಲ್ಲಿ ಓರಿನ್‌ಗೆ ಒಂದು ಬೆಚ್ಚಗಿನ ದನಿ ಕೇಳಿಸುತ್ತಿತ್ತು. ಬೇಡ ಎಂದಿದ್ದರೆ ಮಾತು ಮುಗಿಯುತ್ತಿತ್ತು.

ಮಾರ್ಚಿನಲ್ಲಿ ಆ ನೋಡೋಣವೂ ಬರಲಿಲ್ಲ. ಗೆರಿಟ್ ಚೌಕಾಸಿ ಮಾಡುತ್ತಿದ್ದಾನೆಂದು ಓರಿನ್ ತಿಳಿದ. ಬ್ರಿಟೊಗೆ ಬದಲಾಗಿ ಒಬ್ಬ ಆಟಗಾರನನ್ನು ಕೊಡುತ್ತೇನೆ ಎಂದಿದ್ದವನು ಇಬ್ಬರು ಎಂದ. ಮೌನ. ವಾರದ ಮೇಲೆ ಮೂವರು ಎಂದ. ಗೆರಿಟ್ ಸೊಪ್ಪು ಹಾಕಲಿಲ್ಲ. ಭಲೇ ಪಟ್ಟು ಹಿಡಿದಿದ್ದೀಯ ಕಣೋ, ಎಂದು ಮೆಚ್ಚಿ ಒಂದು ಸಾಲು ಬರೆದ. ಹದಿನೇಳನೆಯ ದಿನ ಪತ್ರಿಕೆಯ ನಿಧನವಾರ್ತೆಯಲ್ಲಿ ಗೆರಿಟ್‌ನ ಹಳೆಯ ಫೋಟೊ ನೋಡಿದ. ಸತ್ತವನ ಮೌನಕ್ಕೆ ಎರಡು ಸಲ ಬೆಲೆ ಏರಿಸಿದ್ದ.

ಎರಡು ಸಾವಿರ ಮಕ್ಕಳು ಯಾವುದಕ್ಕೆಂದಿಲ್ಲದೆ ಕೂಗುತ್ತಿದ್ದವು. ತಂಡದ ಗುರುತಾದ ಮೆಕ್ಕೆಜೋಳದ ತೆನೆಯ ವೇಷ ಹಾಕಿದವನೊಬ್ಬ ಬೇಲಿಗುಂಟ ಕುಣಿಯುತ್ತಿದ್ದ. ಓರಿನ್ ನೋಟ್‌ಬುಕ್ ಬಿಡಿಸಿದ.

ಮೊದಲು ಆಟಗಾರರ ಪುಟಗಳನ್ನೇ ಓದಿದ, ಬೇಕೆಂದೇ ನಿಧಾನವಾಗಿ. ಗೆರಿಟ್‌ನ ಕಣ್ಣು ಚುರುಕು. ಒಬ್ಬನ ಬಗ್ಗೆ 'ಹೊಡೆಯುವ ಮೊದಲೇ ಹೆದರುತ್ತಾನೆ' ಎಂದು ಬರೆದಿದ್ದ. ಆ ಹುಡುಗ ಈಗ ಒಕ್ಲಹೋಮದಲ್ಲಿ ಟೈರು ಮಾರುತ್ತಾನೆ. ಒಂಬತ್ತು ಇನ್ನಿಂಗ್ಸಿನ ಆಟ ಐದನೆಯದಕ್ಕೆ ಬರುವ ಹೊತ್ತಿಗೆ ಆ ಪುಟಗಳು ಮುಗಿದವು. ಮುಂದಿನವು ಲೀಗಿನ ಯಜಮಾನರ ಪುಟಗಳು, ಒಬ್ಬೊಬ್ಬರಿಗೆ ಒಂದೊಂದು.

ನಾಲ್ಕನೆಯದು ಅವನದು.

'ಓರಿನ್. ತಿಳಿವಳಿಕೆ 60. ತಾಳ್ಮೆ 30. ಒಂಟಿತನ 80.

ಆಟಗಾರ ಬೇಕೆಂದು ಬರೆಯುವುದಿಲ್ಲ, ಉತ್ತರ ಬೇಕೆಂದು ಬರೆಯುತ್ತಾನೆ. ಭಾನುವಾರ ಸಂಜೆ ಜಾಸ್ತಿ. ಎರಡು ದಿನ ಸುಮ್ಮನಿದ್ದರೆ ತಾನೇ ಬೆಲೆ ಏರಿಸುತ್ತಾನೆ. ನೋಡೋಣ ಅಂದರೆ ಸಾಕು.'

ಅವನು ಎರಡು ಸಲ ಓದಿದ. ಹೊಡೆದುಹಾಕಿದ ಪದ ಒಂದೂ ಇರಲಿಲ್ಲ. ಹಿಂದಿನ ಪುಟಗಳನ್ನು ಮತ್ತೆ ತಿರುವಿ ನೋಡಿದ. ಇಡೀ ನೋಟ್‌ಬುಕ್ಕಿನಲ್ಲಿ ಗೆರಿಟ್ ಇನ್ನಾರಿಗೂ, ಯಾವುದಕ್ಕೂ ಎಂಬತ್ತು ಕೊಟ್ಟಿರಲಿಲ್ಲ.

ಮೊದಲು ಅವಮಾನವಾಯಿತು. ಆಮೇಲೆ ಬರೀ ದುಃಖವಾಯಿತು. ವರದಿಯಲ್ಲಿ ತಪ್ಪು ಹುಡುಕಲು ನೋಡಿದ, ಸಿಗಲಿಲ್ಲ. ವಿದ್ಯಾರ್ಥಿಯೊಬ್ಬ ಬರೆದು ತಂದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದ.

ಬೇಲಿಯೊಳಗೆ ಬ್ರಿಟೊ ಎದ್ದು ಜಾಕೆಟ್ ತೆಗೆದು ತೋಳು ಬೆಚ್ಚಗೆ ಮಾಡಿಕೊಳ್ಳತೊಡಗಿದ. ಓರಿನ್ ಅಭ್ಯಾಸಬಲದಿಂದ ಗನ್ ಎತ್ತಿದ. ಗಂಟೆಗೆ ತೊಂಬತ್ತಮೂರು ಮೈಲಿ. ತೊಂಬತ್ತನಾಲ್ಕು. ಕರೆ ಬರಲಿಲ್ಲ. ಬ್ರಿಟೊ ಜಾಕೆಟ್ ಹಾಕಿಕೊಂಡು ಕೂತ.

ಏಳನೆಯ ಇನ್ನಿಂಗ್ಸಿನ ನಡುವೆ ಸೀಟಿ ಊದಿದರು. ಆಟ ಎಲ್ಲೇ ಇರಲಿ, ಬಸ್ಸುಗಳು ಒಂದೂಕಾಲಿಗೆ ಹೊರಡಲೇಬೇಕು. ಟೀಚರುಗಳು ಎಣಿಸುತ್ತಾ, ಗದರುತ್ತಾ ಮಕ್ಕಳನ್ನು ಸಾಲು ಮಾಡಿದರು. ಆ ನೂಕುನುಗ್ಗಲಿನ ವಿರುದ್ಧ ಮಾರ್ಲಿಸ್ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಕಾಗದ ಸುತ್ತಿದ ಹಾಟ್‌ಡಾಗ್ ಇತ್ತು.

"ಒಂದು ಮಗೂಗೆ ಬೇಡವಾಯ್ತು. ತಗೊಳ್ಳಿ. ಎಂಜಲಲ್ಲ."

ಅವನು ತೆಗೆದುಕೊಂಡ. ಆರಿಹೋಗಿತ್ತು.

"ಮಾರ್ಲಿಸ್, ಗೆರಿಟ್ ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ನಾ?"

"ಊಟ ಮಾಡ್ತಾ ಫೋನ್ ನೋಡಿ ನಗ್ತಿದ್ದ. ಯಾರೋ ಅದು ಅಂದ್ರೆ ಲೀಗಿನವ್ರು ಅಂತಿದ್ದ. ನೀವಿರಬಹುದು. ಬೇರೆಯವ್ರೂ ಇರಬಹುದು."

"ಎಂಥ ನಗು?"

ಆಕೆ ಅವನನ್ನೇ ನೋಡಿದಳು. "ನಗು ಅಂದ್ರೆ ನಗು, ಓರಿನ್. ಅದಕ್ಕೂ ನಂಬರ್ ಕೊಡ್ಬೇಕಾ?"

ಅವನು ಹಾಟ್‌ಡಾಗಿನ ಕಾಗದ ಬಿಡಿಸಿದ, ಮತ್ತೆ ಸುತ್ತಿದ.

"ಅವನು ಅಷ್ಟೊಂದು ಬರೀತಾನೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ," ಎಂದಳು ಮಾರ್ಲಿಸ್. "ನಂಗಂತೂ ಮೂವತ್ತೊಂದು ವರ್ಷದಲ್ಲಿ ಹಾಲು ತಗೊಂಡು ಬಾ ಅಂತ ಚೀಟಿ ಬರೆದಿದ್ದೇ ಹೆಚ್ಚು. ಮಣ್ಣು ಮಾಡಿ ಬಂದ ಮೇಲೆ ಅಷ್ಟೂ ಹಾಳೆ ತಿರುವಿದೆ. ನನ್ನ ಪುಟ ಇದೆಯೇನೋ ಅಂತ."

"ಇತ್ತಾ?"

"ನಿಮ್ಮದಿತ್ತು."

ಅಂದರೆ ಓದಿದ್ದಾಳೆ. ಬೆಳಿಗ್ಗೆ ನೀವು ಯಾರು ಎಂದು ಕೇಳಿದ್ದು ಅದಕ್ಕೆ. ಓ ಎಂದದ್ದೂ ಅದಕ್ಕೆ. ಓರಿನ್‌ನ ಕಿವಿ ಬಿಸಿಯಾಯಿತು. ಕೂತ್ಕೊಳ್ಳಿ ಎನ್ನಬಹುದಿತ್ತು, ಯಾವಾಗ ಸಿಗ್ತೀರಿ ಎನ್ನಬಹುದಿತ್ತು. ಮೇಲಿನಿಂದ ಟೀಚರೊಬ್ಬಳು ಮಾರ್ಲಿಸ್ ಎಂದು ಕೂಗಿದಳು.

"ಬಂದೆ ಬಂದೆ. ಬಸ್ಸು ನಾನಿಲ್ದೆ ಹೋಗಲ್ಲ ಕಣೇ!" ಎಂದು ಆಕೆ ಮೆಟ್ಟಿಲು ಹತ್ತಿ ಹೋದಳು.

ಎರಡು ಸಾವಿರ ಸೀಟುಗಳು ಹತ್ತು ನಿಮಿಷದಲ್ಲಿ ಖಾಲಿಯಾದವು. ಅಷ್ಟು ಗದ್ದಲದ ಮೇಲೆ ಚೆಂಡು ಕೈಗವಸಿಗೆ ಬೀಳುವ ಸದ್ದು ಒರಟಾಗಿ ಕೇಳಿಸುತ್ತಿತ್ತು. ಜೋಳದ ತೆನೆ ಇನ್ನೂ ಕೈ ಬೀಸುತ್ತಿತ್ತು, ಯಾರೂ ಇಲ್ಲವೆಂದು ತಿಳಿದ ಮೇಲೆ ತಲೆ ಕಳಚಿ ಕಂಕುಳಲ್ಲಿ ಇಟ್ಟುಕೊಂಡು ನೀರು ಕುಡಿಯಿತು.

ಆಟಗಾರರ ಪುಟಗಳಲ್ಲಿ ಒಂದು ಕಣ್ಣಿಗೆ ಬಿದ್ದಿರಲಿಲ್ಲವೆಂದು ಓರಿನ್‌ಗೆ ಆಗ ಹೊಳೆಯಿತು. ಬ್ರಿಟೊನದು. ಅಂಟಿಕೊಂಡಿದ್ದ ಹಾಳೆಯನ್ನು ಉಗುರಿನಿಂದ ಬಿಡಿಸಿದ.

'ಬ್ರಿಟೊ. ಆಗುವುದಿಲ್ಲ. ಎರಡು ವರ್ಷದ ಹಿಂದೆಯೇ ಮುಗಿದ. ಆದರೂ ಕೊಡಬಾರದು. ಕೊಟ್ಟರೆ ಓರಿನ್ ಸುಮ್ಮನಾಗುತ್ತಾನೆ.'

ಸುಮ್ಮನಾದರೆ ಏನು ನಷ್ಟ ಎಂದು ಗೆರಿಟ್ ಬರೆದಿರಲಿಲ್ಲ. ಗಾಳದ ಹುಳು ಬಿಟ್ಟುಕೊಡದ ಜಾಣತನವಿರಬಹುದು. ಊಟದ ಮೇಜಿನ ಮೇಲೆ ಫೋನು ಸದ್ದು ಮಾಡದ ಸಂಜೆಗಳಿಗೆ ಹೆದರಿದ್ದಿರಬಹುದು. ಓರಿನ್ ಆ ಸಾಲನ್ನು ಎಷ್ಟು ಹೊತ್ತು ನೋಡಿದರೂ ಅದು ಯಾವ ಕಡೆಗೂ ವಾಲಲಿಲ್ಲ. ಒಂದೇ ಒಂದು ಸಾಲಿನಿಂದ ಏನನ್ನೂ ತೀರ್ಮಾನಿಸಬಾರದೆಂದು ಅವನೇ ತರಗತಿಯಲ್ಲಿ ಹೇಳುವುದುಂಟು.

ಒಂದು ಐವತ್ತಕ್ಕೆ ಆಟ ಮುಗಿಯಿತು. ಬ್ರಿಟೊ ಮೂರು ಸಲ ತೋಳು ಬೆಚ್ಚಗೆ ಮಾಡಿಕೊಂಡಿದ್ದ. ಮೂರು ಸಲವೂ ಅವನನ್ನು ಯಾರೂ ಕರೆಯಲಿಲ್ಲ.

ಓರಿನ್ ಫೋನಿನಲ್ಲಿ ಗೆರಿಟ್‌ನ ಖಾತೆ ತೆರೆದ. ತಾನು ಬರೆದದ್ದನ್ನು ಆ ಕಡೆಯಿಂದ ನೋಡುತ್ತಿರುವುದು ಇದೇ ಮೊದಲು. ಉದ್ದುದ್ದ ಪತ್ರಗಳು, ಒಂದರ ಕೆಳಗೊಂದು. ನಡುನಡುವೆ ಒಂದೊಂದು ಪದ. ಎಲ್ಲಕ್ಕಿಂತ ಕೆಳಗೆ ಮಾರ್ಚಿನ ಕೊನೆಯ ಸಾಲು: ಭಲೇ ಪಟ್ಟು ಹಿಡಿದಿದ್ದೀಯ ಕಣೋ. ಅದರ ಕೆಳಗೆ ಉತ್ತರ ಬರೆಯುವ ಖಾಲಿ ಜಾಗ.

ಐದು ಗಂಟೆಗೆ ಇನ್ನೂ ಹೊತ್ತಿತ್ತು. ಅವನು ಆ ಜಾಗದಲ್ಲಿ ಗೆರಿಟ್‌ನ ಹೆಸರಿನಿಂದ 'ನೋಡೋಣ' ಎಂದು ಬರೆದ. ಕಳಿಸಿದ.

ಅವನ ಸ್ವಂತ ಖಾತೆಗೆ ಸೂಚನೆ ಬಂದು ಕೈಯಲ್ಲಿದ್ದ ಫೋನು ಗುಂಯ್ ಎಂದಿತು. 'ಗೆರಿಟ್ ನಿಮಗೆ ಉತ್ತರಿಸಿದ್ದಾರೆ.'

ಓರಿನ್‌ನ ಎದೆ ಹಿಗ್ಗಿತು. ತಡೆಯಲು ನೋಡಿದ, ಆಗಲಿಲ್ಲ.

ಕೆಳಗೆ ಬೇಲಿಯೊಳಗೆ ಚೆಂಡು ಹಿಡಿಯುವವನೂ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋಗಿದ್ದ. ಬ್ರಿಟೊ ಹೋಗಿರಲಿಲ್ಲ. ಇವತ್ತು ಎಸೆಯಬೇಕಿದ್ದ ಚೆಂಡುಗಳನ್ನು ಎದುರಿನ ಬಲೆಗೆ ಎಸೆಯುತ್ತಿದ್ದ. ಓರಿನ್ ಗನ್ ಎತ್ತಿ ಹಿಡಿದ. ತೊಂಬತ್ತೈದು. ಕೆಂಪು ಅಂಕಿ ಒಂದು ಕ್ಷಣ ಇದ್ದು ಆರಿಹೋಯಿತು. ಬ್ರಿಟೊ ಬಕೆಟ್ಟಿನಲ್ಲಿದ್ದ ಚೆಂಡುಗಳನ್ನೆಲ್ಲ ಎಸೆದು ಮುಗಿಸಿ, ಖಾಲಿ ಬಕೆಟ್ ಎತ್ತಿಕೊಂಡು ಬಲೆಯ ತನಕ ನಡೆದುಹೋಗಿ, ಬಗ್ಗಿ ಒಂದೊಂದಾಗಿ ಆರಿಸಿಕೊಂಡು, ಮತ್ತೆ ಎಸೆಯಲು ವಾಪಸು ಬಂದ.