ಗೋಡೆಯಾಚೆಯ ಹೀಚುಗಳು

ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಹುಲಗೆಮ್ಮನಿಗೆ ಗೊತ್ತಿಲ್ಲ. ಊರು ದೂರ ಇದ್ದಷ್ಟೂ ದನಿ ಎತ್ತರಿಸಬೇಕು ಎಂಬುದು ಅವಳ ತಿಳಿವಳಿಕೆ. ಹೀಗಾಗಿ ಮೃಗಶಿರ ಮಳೆ ಹನಿದ ಸಂಜೆ ರಾಯಚೂರಿನ ಹಿತ್ತಲಲ್ಲಿ ನಿಂತು ಅವಳು ಕೊಟ್ಟ ಮಾತನ್ನು ಗೂಗಲ್ ಎಂಬ ಹಳ್ಳಿಯಲ್ಲಿದ್ದ ಹಳೆಯ ಕೂಲಿ ಗೆಳತಿ ಮಾನಮ್ಮನ ಜೊತೆಗೆ ಇಡೀ ಓಣಿ ಕೇಳಿಸಿಕೊಂಡಿತು.

"ಈ ಸಲ ಸೀಗಿ ಹುಣ್ಣಿಮಿಗೆ ಬರ್ತೀನಿ, ಮಾನಮ್ಮ. ಬರಿಗೈಲೆ ಬರಂಗಿಲ್ಲ. ನನ್ನ ಮಣ್ಣಾಗ ಬೆಳೆದ ಒಂದು ಕುಂಬಳಕಾಯಿ ತರ್ತೀನಿ. ಒಂದ ಒಂದು! ಅದರಾಗ ನಿಮ್ಮ ಇಡೀ ಗುಂಪು ಹೊಟ್ಟಿ ತುಂಬ ಉಣ್ಣಬೇಕು, ನೋಡು."

"ಎಷ್ಟು ಎಕರೆ ಅದ ಯವ್ವಾ ನಿನ್ನ ಹೊಲ?" ಎಂದು ಮಾನಮ್ಮ ಆ ಕಡೆಯಿಂದ ನಕ್ಕಳು.

ಎಕರೆಯ ಮಾತೆಲ್ಲಿ ಬಂತು? ಎರಡು ಮಂಚ ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲ, ಅಷ್ಟೇ ಹಿತ್ತಲು. ಒಂದು ಬದಿಗೆ ಬಚ್ಚಲ ಕಟ್ಟೆ, ಇನ್ನೊಂದು ಬದಿಗೆ ಪಕ್ಕದ ಗುಲ್ಶನ್ ಬೇಗಂ ಮನೆಯ ಗೋಡೆ. ಮಗಳು ಸವಿತಾ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ, ಮಾನ್ವಿ ರಸ್ತೆಯ ಹೊಸ ಬಡಾವಣೆಯಲ್ಲಿ ಈ ಮನೆ ಕಟ್ಟಿಸಿ, ತಾಯಿಯನ್ನು ಕರೆದುಕೊಂಡು ಬಂದಿದ್ದಳು. ಮನೆ ಒಪ್ಪಿಸಿದ ದಿನ ಮೇಸ್ತ್ರಿ ಹಿತ್ತಲಿಗೂ ಫರಸಿ ಹಾಸಲೇನು ಎಂದು ಕೇಳಿದ್ದ. ಹುಲಗೆಮ್ಮ ಅಡ್ಡ ಬಂದು ನಿಂತಿದ್ದಳು. ಐವತ್ತೈದು ದಾಟಿದ ಜೀವ, ಹುಟ್ಟಿದಾಗಿನಿಂದ ಇನ್ನೊಬ್ಬರ ಹೊಲದ ಕಸ ತೆಗೆದದ್ದು. ಇದೊಂದು ತುಂಡು ಮಣ್ಣಿನಲ್ಲಿ ಬೆಳೆದದ್ದನ್ನು ಯಾರಿಗೂ ಅಳೆದು ಕೊಡಬೇಕಿಲ್ಲ ಎಂಬುದೇ ಅವಳಿಗೆ ಹಬ್ಬವಾಗಿತ್ತು.

ಆ ಹಬ್ಬದ ಊಟ ಮೊದಲು ಮಾನಮ್ಮನ ಗುಂಪಿಗೆ ಸಲ್ಲಬೇಕು. ಅದಕ್ಕೆ ಕಾರಣವಿತ್ತು. ಸವಿತಾ ಮಾನ್ವಿಯ ಹಾಸ್ಟೆಲಿನಲ್ಲಿ ಓದುವಾಗ ಹುಲಗೆಮ್ಮನ ಸೊಂಟ ಹಿಡಿದುಕೊಂಡು, ಒಂದು ಇಡೀ ಹಂಗಾಮು ಬಗ್ಗಲು ಆಗಲಿಲ್ಲ. ಕಳೆ ತೆಗೆಯುವಾಗ ಒಬ್ಬೊಬ್ಬರಿಗೆ ಒಂದೊಂದು ಸಾಲು. ಹಿಂದೆ ಬಿದ್ದವಳಿಗೆ ಮರುದಿನದಿಂದ ಕೆಲಸವಿಲ್ಲ. ಅವಳ ಎಡಬಲದವರು ತಮ್ಮ ಸಾಲಿನ ಜೊತೆಗೆ ಅವಳ ಸಾಲಿಗೂ ಕೈ ಚಾಚಿ, ಹೊಲದ ಯಜಮಾನನ ಕಣ್ಣಿಗೆ ಬೀಳದ ಹಾಗೆ ಅವಳನ್ನು ಬದುವಿನಿಂದ ಬದುವಿಗೆ ದಾಟಿಸುತ್ತಿದ್ದರು. ಅದರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ, ಅವಳೂ ಆಡಲಿಲ್ಲ. ಮಗಳು ಬಿಳಿ ಕೋಟು ಹಾಕಿಕೊಂಡು ನಿಂತ ದಿನ ಹುಲಗೆಮ್ಮನಿಗೆ ನೆನಪಾದದ್ದು ಆ ಕೈಗಳೇ. ಈಗ ಆ ಗುಂಪಿನವರೇ ಕೂಡಿ ಒಂದು ಹತ್ತಿ ಹೊಲವನ್ನು ಗುತ್ತಿಗೆಗೆ ಹಿಡಿದಿದ್ದರು. ಸೀಗಿ ಹುಣ್ಣಿಮೆಯ ದಿನ ಬುತ್ತಿ ಹೊತ್ತು ಹೋಗಿ, ಬೆಳೆಗೆ ಪೂಜೆ ಮಾಡಿ, ಬೆಳೆಯ ನಡುವೆಯೇ ಉಣ್ಣುವುದು ರೂಢಿ. ಆ ದಿನಕ್ಕೆ ಅವಳ ಕಾಯಿ ಅಲ್ಲಿರಬೇಕು.

ಬಳ್ಳಿಗೆ ಮಾತ್ರ ಎರಡು ಮಂಚದ ಜಾಗ ಎಲ್ಲಿ ಸಾಲಬೇಕು? ಶ್ರಾವಣ ಬರುವಷ್ಟರಲ್ಲಿ ಬಚ್ಚಲ ಕಟ್ಟೆ ತುಂಬಿ, ಗೋಡೆ ಹತ್ತಿ, ಮುಕ್ಕಾಲು ಪಾಲು ಬೇಗಂ ಹಿತ್ತಲಿಗೆ ಇಳಿಯಿತು. ಗೋಡೆಯಾಚೆ ಒಂದಾದ ಮೇಲೊಂದು ಹೀಚು ಕಟ್ಟತೊಡಗಿದವು. ಈಚೆ ನಿಂತದ್ದು ಒಂದೇ ಒಂದು, ಬುಡದ ಹತ್ತಿರ.

ಸವಿತಾ ಮೊಬೈಲಿನಲ್ಲಿ ಏನೋ ನೋಡಿ ಹೇಳಿದಳು, "ಯವ್ವಾ, ಭಾರಿ ಕಾಯಿ ಬೇಕಂದ್ರ ಒಂದು ಉಳಿಸಿ ಉಳಿದ ಹೀಚೆಲ್ಲ ತಗೀಬೇಕಂತ."

"ಬಿಡ್ತು ಅನ್ನು!" ಹುಲಗೆಮ್ಮ ಗುಡುಗಿದಳು. "ಹೂವು ಉದುರಿ ಕಾಯಿ ಕಟ್ಟಿದ್ದನ್ನ ಚಿವುಟೋದಂದ್ರ ಪಾಪ. ನನ್ನ ಕೈಲೆ ಆಗಂಗಿಲ್ಲ. ಒಂದು ದೊಡ್ಡದಾಗದಿದ್ರ ಹತ್ತು ಆಗ್ತಾವ. ಎಲ್ಲಾ ಹೊತಗೊಂಡು ಹೋಗ್ತೀನಿ."

ಹತ್ತರ ಆಸೆಯಲ್ಲಿ ದಿನಾ ಬೆಳಿಗ್ಗೆ ಅವಳು ಮಾಳಿಗೆಯ ಮೆಟ್ಟಿಲು ಹತ್ತಿ ಬೇಗಂ ಹಿತ್ತಲನ್ನು ಇಣುಕುತ್ತಿದ್ದಳು. ನಿನ್ನೆ ನಿಂಬೆಹಣ್ಣಿನಷ್ಟಿದ್ದ ಹೀಚು ಇವತ್ತು ಇಲ್ಲ. ಬೇರೆ ಕಡೆ ಒಂದು ಕಟ್ಟಿತು. ಅದೂ ಮರುದಿನ ಮಾಯ. ಉದುರಿದವೋ ಎಂದು ಗೋಡೆಗೆ ಬಾಗಿ ಹತ್ತಿರದ ತೊಟ್ಟು ನೋಡಿದರೆ ಅದರಲ್ಲಿ ಉಗುರಿನ ಗುರುತು! ಬೇಗಂ ಮನೆಯಲ್ಲಿ ದಿನಾ ಹೀಚಿನ ಪಲ್ಯ ನಡೆದಿದೆ ಎಂದು ಹುಲಗೆಮ್ಮ ಖಾತ್ರಿ ಮಾಡಿಕೊಂಡಳು.

"ಹೋಗಿ ಕೇಳಬಾರದೇನು?" ಎಂದಳು ಸವಿತಾ.

ಹೇಗೆ ಕೇಳುವುದು? ನಗರಸಭೆಯ ನೀರು ತನಗೆ ಬೇಕಾದಾಗ ಬರುವಂಥದ್ದು. ಬಳ್ಳಿ ಬದುಕಿದ್ದೇ ಬೇಗಂ ತನ್ನ ಬೋರಿನ ಪೈಪನ್ನು ಗೋಡೆಯ ಮೇಲಿಂದ ಇಳಿಬಿಟ್ಟಿದ್ದಕ್ಕೆ. ಸಾಲದ್ದಕ್ಕೆ ವಾರಕ್ಕೊಮ್ಮೆ ಒಂದು ಬುಟ್ಟಿ ಆಡಿನ ಹಿಕ್ಕೆಯನ್ನೂ ಗೋಡೆಯ ಮೇಲೆ ಇಡುತ್ತಿದ್ದಳು, "ತಗೋರಿ ಅಕ್ಕಾ" ಎಂದು ನಕ್ಕು. ಹುಲಗೆಮ್ಮ ಬುಟ್ಟಿ ಇಳಿಸಿಕೊಂಡು ಬಾಯಿ ಬಿಗಿದುಕೊಳ್ಳುತ್ತಿದ್ದಳು. ಕದ್ದದ್ದಕ್ಕೆ ಬದಲು ಕೊಡುತ್ತಿದ್ದಾಳೆ, ಎಂಥ ಜಾಣೆ ಎಂದುಕೊಳ್ಳುತ್ತಿದ್ದಳು. ಅವಳಿಗೆ ಒಂದು ಚಟವಿತ್ತು. ಸಿಟ್ಟು ಬಂದಷ್ಟೂ ಮಾತಿನಲ್ಲಿ ಮರ್ಯಾದೆ ಹೆಚ್ಚುತ್ತಿತ್ತು. ಹೀಗಾಗಿ ನಿನ್ನೆಯವರೆಗೆ "ಬಾ ಬೇಗಂ" ಎನ್ನುತ್ತಿದ್ದವಳು "ಬರ್ರಿ, ಕೂಡ್ರಿ" ಎನ್ನತೊಡಗಿದಳು. ಬೇಗಂ ಪಾಪ, ಅದನ್ನು ಗೌರವ ಎಂದೇ ತಿಳಿದಳು.

ಇತ್ತ ಬುಡದ ಕಾಯಿ ಹೊಟ್ಟೆ ಬಿಡತೊಡಗಿತು. ಮೊದಲು ಕೊಡದಷ್ಟು, ಆಮೇಲೆ ಹಂಡೆಯಷ್ಟು. ನವರಾತ್ರಿ ಹೊತ್ತಿಗೆ ಹುಲಗೆಮ್ಮನ ತೆಕ್ಕೆಗೆ ಸಿಗದಾಯಿತು. ನೆಲದ ತೇವ ತಾಗದ ಹಾಗೆ ಅದರ ಕೆಳಗೆ ತೊಗರಿ ಕಟ್ಟಿಗೆ ಹಾಸಿ, ಮೇಲೆ ತನ್ನ ಹಳೆಯ ಸೀರೆಯ ಮೆತ್ತೆ ಮಾಡಿ ಕೂರಿಸಿದಳು. ಓಣಿಯ ಜನ ನೋಡಲು ಬಂದರು. ಬೆರಳು ತೋರಿಸಿದರೆ ಕಾಯಿ ಕೊಳೆಯುತ್ತದೆ ಎಂದು ಅವಳು ಬಾಗಿಲಲ್ಲೇ ಎಚ್ಚರಿಸಿದ್ದಕ್ಕೆ, ಎಲ್ಲರೂ ಮೊಣಕೈಯಿಂದ ತೋರಿಸಿ ಮಾತಾಡಿದರು. ಹೆಮ್ಮೆಯಿಂದ ಹುಲಗೆಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೂ ಒಳಗೊಳಗೆ ಕೊರಗು. ಇನ್ನೆರಡು ಉಳಿದಿದ್ದರೆ ಮಾನಮ್ಮನ ಮುಂದೆ ಸಾಲಾಗಿ ಇಡಬಹುದಿತ್ತು!

ಹುಣ್ಣಿಮೆಯ ಬೆಳಗ್ಗೆ ಕಾಯಿ ಒಯ್ಯಲು ಬಂದವನು ಬೇಗಂ ಮಗ ಅಲ್ಲಾಉದ್ದೀನ್. ಅವನದು ಗೂಡ್ಸ್ ಆಟೊ. ಅವನೂ ಎದುರುಮನೆಯ ಯಲ್ಲಾಲಿಂಗನೂ ಕಾಯಿಯನ್ನು ಚಾದರದಲ್ಲಿ ಕಟ್ಟಿ ಜೋಲಿ ಮಾಡಿ ಏದುಸಿರು ಬಿಡುತ್ತ ಆಟೊಗೆ ಏರಿಸಿದರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಬೇಗಂ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಅದನ್ನು ಕಂಡು ಹುಲಗೆಮ್ಮನಿಗೆ ತಡೆಯಲಾಗಲಿಲ್ಲ.

"ತಟ್ಟರಿ, ತಟ್ಟರಿ. ನಿಮ್ಮ ಪಲ್ಯದ ಬೋಗಾಣಿ ಇನ್ನೆರಡು ಬಿಟ್ಟಿದ್ರ ಈ ಆಟೊ ತುಂಬ್ತಿತ್ತು ನೋಡ್ರಿ."

ಬೇಗಂ ತಟ್ಟುತ್ತಿದ್ದ ಕೈ ಇಳಿಸಿದಳು.

"ಅಕ್ಕಾ, ಒಂದಾದ್ರೂ ಬಾಯಿಗೆ ಹಾಕಿಲ್ರೀ. ಎಲ್ಲಾ ಆಡಿಗೆ ಹಾಕೀನಿ. ನಿಮ್ಮ ಮಾಲು ನಾ ಹೆಂಗ ತಿನ್ನಲಿ?"

"ಮತ್ತ್ಯಾಕ ಚಿವುಟಿದ್ರಿ?"

"ನಿಮ್ಮ ಕೈಲೆ ಆಗಂಗಿಲ್ಲ ಅಂದ್ರೆಲ್ಲ, ಅದಕ್ಕ." ಬೇಗಂ ಸೆರಗಿನ ತುದಿ ತಿರುವುತ್ತ ಹೇಳಿದಳು. "ಮಾನಮ್ಮಗ ಫೋನಿನಾಗ ಹೇಳಿದ್ದು ಕೇಳಿತ್ತು. ಒಂದ ಕಾಯಿ, ಇಡೀ ಗುಂಪು ಉಣ್ಣಬೇಕು ಅಂದ್ರಿ. ಸವಿತಾ ಹೀಚು ತಗೀಬೇಕು ಅಂದದ್ದೂ ಕೇಳಿತ್ತು, ನೀವು ಪಾಪ ಅಂತ ಒದರಿದ್ದೂ ಕೇಳಿತ್ತು. ನನ್ನ ತವರು ಮಟಮಾರಿಯಾಗ ನಮ್ಮಪ್ಪನೂ ಹಂಗ ಒಂದ ಉಳಿಸಿ ಬೆಳಸ್ತಿದ್ದ. ನಿಮ್ಮ ಮಾತು ಉಳೀಬೇಕಲ್ರೀ? ಹೇಳಿದ್ರ ನೀವು ಬ್ಯಾಡ ಅಂತಿದ್ರಿ. ಪಾಪ ಇದ್ರ ನನಗ ಇರ್ಲಿ ಅಂತ ನಾನ ಚಿವುಟಿದೆ. ಒಂದೊಂದಕ್ಕೂ ಜೀವ ಚುರ್ ಅಂತಿತ್ತು, ಅಕ್ಕಾ. ತೋಬಾ ಅಂದು ಚಿವುಟೀನಿ."

ಹುಲಗೆಮ್ಮನಿಗೆ ಹಿಕ್ಕೆಯ ಬುಟ್ಟಿ, ನೀರಿನ ಪೈಪು, ಗೋಡೆಯ ಮೇಲಿನ ಆ ನಗು, ಎಲ್ಲ ಒಮ್ಮೆಲೇ ಬೇರೆಯಾಗಿ ಕಂಡವು. ಇಷ್ಟು ತಿಂಗಳು ಮನಸ್ಸಿನಲ್ಲೇ ಬೈದದ್ದು ನೆನಪಾಗಿ ನಾಚಿಕೆಯಿಂದ ಮೈ ಹಿಡಿಯಾಯಿತು. ಸಂಭಾವಿತಳ ಹಾಗೆ ಕ್ಷಮೆ ಕೇಳುವುದು ಅವಳಿಗೆ ಬರುತ್ತಿರಲಿಲ್ಲ. ಸೀದಾ ಹೋಗಿ ಬೇಗಂಳ ರಟ್ಟೆ ಹಿಡಿದಳು.

"ನಡಿ. ಆಟೊ ಹತ್ತು."

ಮತ್ತೆ ಏಕವಚನ. ಬೇಗಂಗೆ ಅದು ಯಾಕೋ ಹಾಯೆನಿಸಿತು.

"ನಿಮ್ಮ ಮಂದಿ ನಡುವ ನಾ ಯಾಕ ಅಕ್ಕಾ?"

"ಬಾಯಿ ಮುಚ್ಚಿ ಹತ್ತು ಅಂದೆ."

ದೇವದುರ್ಗ ದಾಟಿ ಕೃಷ್ಣೆಯ ದಂಡೆಯ ಗೂಗಲ್ ಮುಟ್ಟಿದಾಗ ಮಾನಮ್ಮನ ಗುಂಪು ಅಂಗಳದಲ್ಲೇ ಕಾದಿತ್ತು. ಚಾದರ ಸರಿಸಿದ್ದೇ ತಡ, ಹೆಂಗಸರೆಲ್ಲ ಬಾಯಿಯ ಮೇಲೆ ಕೈ ಇಟ್ಟರು. ಇಡೀ ಕುಂಬಳಕಾಯಿಗೆ ಮೊದಲ ಏಟು ಹೆಂಗಸರು ಹಾಕಬಾರದೆಂಬ ರೂಢಿ ಇದ್ದುದರಿಂದ ಅಲ್ಲಾಉದ್ದೀನನೇ ಕುಡಗೋಲು ಹಿಡಿಯಬೇಕಾಯಿತು. ಒಳಗೆ ಕೇಸರಿ ತಿರುಳು. ಅರ್ಧ ಪಲ್ಯಕ್ಕೆ, ಅರ್ಧ ಗಾರಿಗೆಗೆ. ತುರಿಯುವವರು ತುರಿದರು, ಬೆಲ್ಲ ಕುಟ್ಟುವವರು ಕುಟ್ಟಿದರು. ಬೇಗಂ ಯಾರೂ ಹೇಳದೆ ಬಾಣಲೆಯ ಮುಂದೆ ಕೂತು ಗಾರಿಗೆ ಕರಿದಳು. ಮಧ್ಯಾಹ್ನಕ್ಕೆ ಬುಟ್ಟಿಗಳು ಹತ್ತಿ ಹೊಲ ಸೇರಿದವು. ಪೂಜೆ ಮುಗಿಸಿ, ಎಡೆಯ ಅನ್ನವನ್ನು ಬೆಳೆಗೆ ಚರಗವೆಂದು ಚೆಲ್ಲಿ, ಎಲ್ಲರೂ ಉಣ್ಣಲು ಕೂತರು. ಇಡೀ ಗುಂಪು ಬೇಡ ಬೇಡ ಎನ್ನುವವರೆಗೆ ಉಂಡಿತು.

"ಯವ್ವಾ ಹುಲಗೆಮ್ಮ, ಕೊಟ್ಟ ಮಾತು ಉಳಿಸಿಕೊಂಡಿ ನೋಡು," ಎಂದಳು ಮಾನಮ್ಮ, ಬೆರಳು ನೆಕ್ಕುತ್ತ.

"ನಾ ಅಲ್ಲ, ಇಕಿ ಉಳಿಸಿದಾಕಿ." ಹುಲಗೆಮ್ಮ ಬೇಗಂ ಕಡೆ ತಿರುಗಿದಳು. ನಡೆದದ್ದನ್ನೆಲ್ಲ, ತನ್ನ ಸಂಶಯವನ್ನೂ ಬಿಡದೆ, ಗಟ್ಟಿ ದನಿಯಲ್ಲಿ ಹೇಳಿದಳು. ಹೆಂಗಸರು ನಕ್ಕರು. ಆಮೇಲೆ ಅವಳು ಮಾನಮ್ಮನ ಗುಂಪಿನತ್ತ ನೋಡಿದಳು. "ನೀವೂ ಹಂಗ ಮಾಡಿದ್ರಿ ಆವಾಗ, ನನ್ನ ಸಾಲಿನ ಕಳೆ ನೀವ ತಗದ್ರಿ. ನಾ ನಿಮಗ ಒಂದು ಮಾತು ಅನ್ನಲಿಲ್ಲ. ಇವತ್ತು ಅಂತೀನಿ. ನಿಮ್ಮಿಂದ ನನ್ನ ಮಗಳು ದಾರಿ ಕಂಡಳು. ನಿಮ್ಮ ಕೈ ತಂಪಿರಲಿ."

ಮಾನಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಬುಟ್ಟಿಯಲ್ಲಿ ಒಂದು ಗಾರಿಗೆ ಉಳಿದಿತ್ತು. ಕರಿಯುವುದರಲ್ಲೇ ಮುಳುಗಿದ್ದ ಬೇಗಂ ಇನ್ನೂ ಒಂದು ತುತ್ತು ತಿಂದಿರಲಿಲ್ಲ. ಹುಲಗೆಮ್ಮ ಅದನ್ನು ಎರಡು ಮಾಡಿ, ದೊಡ್ಡ ತುಂಡನ್ನು ಅವಳ ಕೈಯಲ್ಲಿಟ್ಟು ಪಕ್ಕದಲ್ಲೇ ಕೂತಳು.

"ಬೇಗಂ, ಹೀಚು ಚಿವುಟಿದ ಪಾಪ ನನಗ ಇರ್ಲಿ ಅಂದೆಲ್ಲ."

"ಹೂಂ ಅಕ್ಕಾ."

"ಅದರಾಗೂ ನನಗ ಅರ್ಧ ಕೊಡು."