ಕಲ್ಲಜ್ಜ ಏಳಬೇಕೋ ಬೇಡವೋ

ರಜನಿಯ ಒಂದು ‘ಹೂಂ’ಗಾಗಿ ಗಡ್ಡಿನಾಳವೆಂಬ ಊರಿಗೆ ಊರೇ ಕಾದು ಕೂತಿತ್ತು. ರಜನಿಯೋ ದೂರದ ಡಚ್ಚರ ನಾಡಿನಲ್ಲಿ, ಹೂಫ್‌ಡಾರ್ಪ್ ಎಂಬ ಊರಿನ ತನ್ನ ಮನೆಯ ಕಿಟಕಿಯಲ್ಲಿ, ವಿಮಾನಗಳು ಇಳಿಯುವುದನ್ನು ನೋಡುತ್ತ ಕೂತಿದ್ದಳು. ಹೂಂ ಅನ್ನುವುದಕ್ಕೆ ಅದೇನು ಮಹಾ ಕಷ್ಟ ಅಂತ ನಿಮಗನಿಸಬಹುದು. ಅವಳ ಗಂಡ ಕಿಶನನಿಗೂ ಹಾಗೇ ಅನಿಸಿತ್ತು. ಪಾಪ, ಅವನು ಬೆಂಗಳೂರಿನವನು. ಅವನು ಹುಟ್ಟಿದ ಬೀದಿಗೆ ಹೆಚ್ಚೆಂದರೆ ಮೋರಿ ನೀರು ನುಗ್ಗೀತು, ನದಿ ನುಗ್ಗುವುದಿಲ್ಲ.

ವಿಷಯ ಇಷ್ಟೇ. ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಬರುವ ಮಳೆಗಾಲಕ್ಕೆ ಗಡ್ಡಿನಾಳವನ್ನು ನುಂಗಲಿತ್ತು. ಜನ ಬಾಗಿಲು, ತೊಲೆ, ಬೀಸುವ ಕಲ್ಲು ಎಲ್ಲ ಹೇರಿಕೊಂಡು ದಿಬ್ಬದ ಮೇಲಿನ ಹೊಸ ಊರಿಗೆ ಹೋಗಿಯಾಗಿತ್ತು. ಹಿಂದೆ ಉಳಿದವನು ಕಲ್ಲಜ್ಜ ಒಬ್ಬನೇ. ಕಲ್ಲಜ್ಜ ಎಂದರೆ ಊರ ಬಾಗಿಲಲ್ಲಿದ್ದ ವೀರಗಲ್ಲು. ಕೆಳಗೆ ದನಗಳ್ಳರ ಮೇಲೆ ಕತ್ತಿ ಎತ್ತಿದ ವೀರ, ನಡುವೆ ಅವನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಲಿಂಗ. ಊರ ದನ ಉಳಿಸಿ ತಾನು ಸತ್ತ ಆ ಪುಣ್ಯಾತ್ಮ ತಮ್ಮ ಮನೆತನದ ಹಿರೀಕ ಎಂದು ರಜನಿಯ ಮನೆಯವರ ನಂಬಿಕೆ. ಕಾರಹುಣ್ಣಿಮೆಯ ಮೊದಲ ಎಡೆ ಅವರ ಮನೆಯದೇ. ಆದ್ದರಿಂದ ಕಲ್ಲನ್ನು ಕದಲಿಸುವುದಾದರೆ ಆ ಮನೆತನದ ಎರಡೂ ಕವಲು ಒಪ್ಪಬೇಕು. ಕಿರಿಯ ಕವಲಿನ ಬಸವಂತಪ್ಪ ಕಾಕಾ ಒಪ್ಪಿದ್ದ. ಹಿರಿಯ ಕವಲಿನಲ್ಲಿ, ಅಪ್ಪ ಅವ್ವ ಇಬ್ಬರೂ ತೀರಿಹೋದ ಮೇಲೆ ಉಳಿದವಳು ರಜನಿ ಮಾತ್ರ.

ಅವಳು ಒಪ್ಪಲಿಲ್ಲ. ಕಾಕಾ ಫೋನಿನಲ್ಲಿ ಕೇಳಿದಾಗಲೆಲ್ಲ ಯೋಚಿಸಿ ಹೇಳ್ತೀನ್ರಿ ಎಂದು ಜಾರಿಕೊಂಡಳು. ಅವಳ ಲೆಕ್ಕ ಬೇರೆಯೇ ಇತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದಂತೆ. ಆಗ ತಾನು ಹೋಗುವುದು. ಕೆಸರಿನ ನಡುವೆ ಅಜ್ಜ ನಿಂತಿರುತ್ತಾನೆ. ಅವನಿದ್ದರೆ ಸಾಕು, ಇಲ್ಲಿ ಬೇವಿನ ಮರ, ಇಲ್ಲಿ ಬಾವಿ, ಇಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದ ಒಲೆ ಎಂದು ಎಲ್ಲ ಗುರುತು ಸಿಕ್ಕೀತು. ಅವನನ್ನೂ ಎಬ್ಬಿಸಿಬಿಟ್ಟರೆ ತನ್ನ ಪಾಲಿಗೆ ಊರೆಂಬುದೇ ಇಲ್ಲ.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳ ತಲೆ ಕೆಡದಂತೆ ನೋಡಿಕೊಳ್ಳುವ ಕೆಲಸದಲ್ಲಿ ಕಿಶನನ ತಲೆಯೇ ಕೆಟ್ಟುಹೋಗಿತ್ತು. ಅವನು ಊಟದ ನಡುವೆ, “ಬಿಟ್ರೆ ಹೋಗೇ ಹೋಗತ್ತೆ, ಎತ್ತಿದ್ರೆ ಉಳಿಯತ್ತೆ. ಸಿಂಪಲ್ ಲಾಜಿಕ್ ಕಣೇ,” ಎಂದ. ಸರಿಯಾದ ಮಾತೇ. ಆದರೆ ಸರಿಯಾದ ಮಾತನ್ನು ಹೇಳಲು ಅವನು ಆರಿಸಿಕೊಂಡ ಹೊತ್ತು ನೋಡಿ! ರಜನಿ ಅರ್ಧ ಉಂಡ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಎದ್ದುಹೋದಳು.

ಹೂಫ್‌ಡಾರ್ಪಿನ ಸುತ್ತಲಿನ ಬಯಲೆಲ್ಲ ಹಿಂದೊಮ್ಮೆ ದೊಡ್ಡ ಸರೋವರದ ತಳವಾಗಿತ್ತು ಎಂದು ಅವಳಿಗೆ ಗೊತ್ತಾಗಿದ್ದು ಗ್ರಂಥಾಲಯದ ಡಚ್ ಪಾಠದಲ್ಲಿ. ದಂಡೆಗಳನ್ನು ಕಚ್ಚಿ ಕಚ್ಚಿ ಊರುಗಳನ್ನೇ ತಿನ್ನುತ್ತಿದ್ದ ಆ ಸರೋವರವನ್ನು ಇಲ್ಲಿಯವರು ‘ನೀರುತೋಳ’ ಎನ್ನುತ್ತಿದ್ದರಂತೆ. ಕೊನೆಗೆ ಸುತ್ತ ಏರಿ ಹಾಕಿ, ಉಗಿ ಯಂತ್ರ ಹೂಡಿ, ನೀರನ್ನೆಲ್ಲ ಹೊರಗೆ ಚೆಲ್ಲಿ ನೆಲ ಮಾಡಿಕೊಂಡರು. ಕೇಳಿ ರಜನಿಗೆ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಇಲ್ಲಿ ನೀರು ತೆಗೆದು ಊರು ಕಟ್ಟಿದರು, ಅಲ್ಲಿ ಊರು ತೆಗೆದು ನೀರು ತುಂಬುತ್ತಿದ್ದಾರೆ. ಇದ್ಯಾವ ಸೀಮೆಯ ನ್ಯಾಯ ಎಂದು ಯಾರನ್ನು ಕೇಳುವುದು?

ಅಷ್ಟು ಸಾಲದೆಂಬಂತೆ ಈ ಜನಕ್ಕೆ ಫಲಕ ಹಾಕುವ ಹುಚ್ಚು. ಗಾಳಿಗಿರಣಿಗೊಂದು ಫಲಕ, ಹಳೆಯ ಪಂಪ್‌ಮನೆಗೊಂದು ಫಲಕ, ಏರಿ ತಿರುಗುವಲ್ಲಿ ಒಂದು ಫಲಕ. ಇಲ್ಲಿ ಈಗ ಏನೂ ಇಲ್ಲ ಎನ್ನುವುದಕ್ಕೂ ಒಂದು ಫಲಕ. ರಜನಿ ಸೈಕಲ್ ನಿಲ್ಲಿಸಿ, ಅರೆಬರೆ ಡಚ್ಚಿನಲ್ಲಿ ಒಂದೊಂದನ್ನೂ ಓದುವಳು. ಇವರ ಪಂಪ್‌ಮನೆಗಿರುವ ಯೋಗ ನಮ್ಮ ಊರಿಗಿಲ್ಲವಲ್ಲ ಎಂದು ಕಣ್ಣು ತುಂಬಿಕೊಳ್ಳುವಳು. ಅಸೂಯೆಯೇ, ಮುಚ್ಚಿಟ್ಟು ಏನಾಗಬೇಕು?

ಮೇ ತಿಂಗಳ ಒಂದು ಶನಿವಾರ ಡಚ್ ಪಾಠದ ಮೇಡಂ ಅವಳನ್ನೂ ಒಂದು ಸಮಾರಂಭಕ್ಕೆ ಕರೆದೊಯ್ದಳು. ನೀರುತೋಳ ತಿಂದ ಎಲ್ಸ್‌ಕೆರ್ಕ್ ಎಂಬ ಹಳ್ಳಿಯ ಹೆಸರಿನಲ್ಲಿ ಸ್ಥಳೀಯ ಇತಿಹಾಸ ಸಂಘದವರು ಬೀಟ್‌ರೂಟ್ ಹೊಲದ ಅಂಚಿಗೆ ಕಲ್ಲು ನೆಟ್ಟಿದ್ದರು. ಅದಕ್ಕೆ ಹೊದಿಸಿದ್ದ ಬಟ್ಟೆ ಸರಿಸಿದರು, ಚಪ್ಪಾಳೆ ತಟ್ಟಿದರು. ಎಲ್ಲರೂ ಕಾಫಿಯ ಕಡೆ ತಿರುಗಿದಾಗ ರಜನಿ ಯೋಚನೆಯಿಲ್ಲದೆ ಬೂಟು ಬಿಚ್ಚಿಟ್ಟು, ಕಲ್ಲಿನ ಬಳಿ ಹೋಗಿ, ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸಂಘದ ಹಿರಿಯ ಹೆಂಕ್ ಎಂಬಾತ, ಅವಳ ಬೂಟು ಕೆಸರಿನಲ್ಲಿ ಸಿಕ್ಕಿಕೊಂಡಿತೇನೋ ಎಂದು ಗಾಬರಿಯಿಂದ ಓಡಿಬಂದು ಕೈಹಿಡಿದ. ನಾಚಿಕೆಯಾಗಿ ಅವಳು ಮಾತು ಬದಲಿಸಲು, ಆ ಹಳ್ಳಿ ಇದ್ದದ್ದು ಇದೇ ಜಾಗದಲ್ಲಿ ಎಂದು ಹೇಗೆ ಕಂಡುಹಿಡಿದಿರಿ ಎಂದು ಕೇಳಿದಳು.

ಕಂಡುಹಿಡಿದಿಲ್ಲ ಎಂದ ಹೆಂಕ್. ರೈತನೊಬ್ಬ ಪುಕ್ಕಟೆಯಾಗಿ ಈ ಮೂಲೆ ಕೊಟ್ಟ, ಅದಕ್ಕೇ ಇಲ್ಲಿ ನೆಟ್ಟಿದ್ದು. ಸರೋವರ ಬತ್ತಿದಾಗ ಜನ ಬಂದು ಹುಡುಕಿದರು, ನಾನೂ ಆಯುಷ್ಯವಿಡೀ ಹುಡುಕಿದ್ದೇನೆ. ಓಡುವ ಗಡಿಬಿಡಿಯಲ್ಲಿ ಆ ಹಳ್ಳಿಯವರು ಒಂದು ಕಲ್ಲನ್ನೂ ಹೊತ್ತು ತರಲಿಲ್ಲ. ಅವರು ಎಲ್ಲೆಲ್ಲಿ ಚದುರಿದರು, ಅವರ ಮೊಮ್ಮಕ್ಕಳು ಯಾರು, ಯಾರಿಗೂ ತಿಳಿಯದು. ಹಾಗಾದರೆ ನೀರು ಇಳಿದ ಮೇಲೆ ಸಿಕ್ಕಿದ್ದೇನು ಎಂದು ರಜನಿ ಬಿಡದೆ ಕೇಳಿದಳು.

“ನೀರು ಇಳಿಯಿತು,” ಎಂದ ಹೆಂಕ್. “ಊರು ಇರಲಿಲ್ಲ.”

ರಜನಿ ಹೋಗಿ ಬೂಟು ಹಾಕಿಕೊಂಡಳು.

ಮರುದಿನ ಅವಳು ಹೊಸ ಊರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿ, ಕಾಕಾನನ್ನು ಕರೆಸುವವರೆಗೆ ಕಾದಳು. ಬಸವಂತಪ್ಪ ಏದುಸಿರು ಬಿಡುತ್ತ ಬಂದ.

“ಅಜ್ಜನ್ನ ಎಬ್ಬಸ್ರಿ, ಕಾಕಾ,” ಎಂದಳು. “ಮಂದಿ ಇದ್ದಲ್ಲೆ ಕರಕೊಂಡ ಹೋಗ್ರಿ.”

ಕಾಕಾ ಬಹಳ ಹಿಗ್ಗಿದ. ಟ್ರ್ಯಾಕ್ಟರ್ ಗೊತ್ತುಮಾಡಿದ್ದು, ಕಲ್ಲಿಗೆ ಪೆಟ್ಟು ತಾಗದಿರಲೆಂದು ಜೋಳದ ದಂಟಿನ ಕಣಿಕೆ ಹಾಸುವುದು, ಹೊಸ ಊರಿನ ದಿಬ್ಬದ ತುದಿಯಲ್ಲಿ ಜಾಗ ನೋಡಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅಲ್ಲಿಂದ ಮುಳುಗುವ ಊರು ಪೂರಾ ಕಾಣುತ್ತದಂತೆ. ಆಮೇಲೆ ಅವನ ದನಿ ತಗ್ಗಿತು.

“ಒಂದ್ ಮಾತು ಉಳೀತವಾ. ಅಜ್ಜನ ಮಾರಿ ಯಾ ಕಡೆ ಮಾಡೂಣು? ಹಳೇ ಊರ ಕಡೆ ಮಾಡಂತಾರ ಮಂದಿ. ಹಂಗ ಮಾಡಿದ್ರ ಹೊಸ ಮನಿಗೋಳಿಗೆ ಬೆನ್ನ ಆಕ್ಕತಿ. ಹಿರೇ ಮನಿಯಾಕಿ ನೀನು, ನೀನ ಹೇಳು.”

ಹಳೇ ಊರ ಕಡೆ ಎಂದು ಅವಳ ನಾಲಿಗೆಯ ತುದಿಗೇ ಬಂದಿತ್ತು. ಈ ದೇಶಕ್ಕೆ ಬಂದಂದಿನಿಂದ ಅವಳೂ ಆ ಕಡೆಗೇ ಮುಖ ಮಾಡಿ ಬದುಕಿದ್ದಳು. ಪಕ್ಕದ ಮನೆಯವರ ಹೆಸರೂ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಕಿಶನ್ ಹೇಳುವ ಆಫೀಸಿನ ಮಾತಿಗೆ ಎಷ್ಟೋ ಸಲ ಬರೀ ತಲೆಯಾಡಿಸಿದ್ದಳು. ಆ ಬಾಳು ಹೇಗಿರುತ್ತದೆಂದು ಬಲ್ಲವಳಿಗೆ, ಅದನ್ನೇ ಅಜ್ಜನ ಪಾಲಿಗೂ ಹಚ್ಚಲು ಮನಸ್ಸಾಗಲಿಲ್ಲ.

“ಮನಿಗೋಳ ಕಡೆ ಮಾಡ್ರಿ,” ಎಂದಳು. “ಹುಡುಗ್ರು ಆಡೂದು ಕಾಣಲಿ ಅವಗ.”

ಅತ್ತ ಅಂಗಡಿಯಲ್ಲಿ ಯಾರೋ ಬೆಲ್ಲ ತೂಗಿಸಿಕೊಳ್ಳುವುದು ಕೇಳಿಸುತ್ತಿತ್ತು.

“ಮತ್ತ ಹಳೇ ಊರು ಯಾರ್ ನೋಡಬೇಕವಾ?” ಎಂದ ಕಾಕಾ.

“ನಾ ನೋಡ್ತೀನ್ರಿ,” ಎಂದಳು ರಜನಿ.